ಅಕ್ಕೋರ ಹಾಡು, ಭಟ್ಕಳದ ಡಬ್ಬಿ

ಕಂಪ್ಯೂಟರ್ ಕೆಟ್ಟರೆ ಕೆಟ್ಟಿದೆ ಎಂದು ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಬ್ಯಾಕಪ್ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅದು ತನ್ನಷ್ಟಕ್ಕೆ ಕೆಟ್ಟು ಕೂತಿದ್ದು, ಬೇಕಾದ ದಿನ ಮಾತ್ರ ಕೈಕೊಡುತ್ತದೆ. ಹೊನ್ನಾವರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡು, ಆಚೆ ಭಟ್ಕಳ ಈಚೆ ಕುಮಟಾ ಎಂದು ಸ್ಕ್ರೂಡ್ರೈವರ್ ಹಿಡಿದು ತಿರುಗಿದ ನನಗೆ ಇಂಥ ಪ್ರಸಂಗಗಳಿಗೆ ಯಾವತ್ತೂ ಬರಗಾಲ ಬಂದದ್ದಿಲ್ಲ. ಆದರೆ ಒಂದೇ ಮನೆಯಲ್ಲಿ, ಒಂದೇ ಕೆಲಸಕ್ಕೆ, ಸಾಲಾಗಿ ನಾಲ್ಕು ಸಲ ಮಾನ ಕಳೆದುಕೊಂಡದ್ದು ಅಕ್ಕೋರ ಮನೆಯಲ್ಲಿ ಮಾತ್ರ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಈ ಅಕ್ಕೋರು ನನಗೆ ನಾಲ್ಕನೇ ಇಯತ್ತೆಯಲ್ಲಿ, ಅಂದರೆ ನಾಲ್ಕನೇ ಕ್ಲಾಸಿನಲ್ಲಿ, ಕಲಿಸಿದವರು. ನಿವೃತ್ತರಾದ ಮೇಲೆ ಕುಮಟಾ ತಾಲೂಕಿನ ಅಘನಾಶಿನಿ ಹತ್ತಿರ ಗಂಡನ ಜೊತೆ ಇದ್ದರು. ಅವರ ಮನೆಯ ಬದಿಗೇ ಗದ್ದೆ, ಬಸಳೆ ಚಪ್ಪರ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ. ಎಂಬತ್ತರ ಹತ್ತಿರದ ವಯಸ್ಸು. ಆಕೆಗೆ ಬಾರದ ಹಾಡಿಲ್ಲ. ಗದ್ದೆಗೆ ಸಸಿ ನೆಡುವ ನೆಟ್ಟಿಯ ಹೊತ್ತಿನದು, ಮದುವೆಯದು, ಬಾಣಂತಿಗೆ ನೀರೆರೆಯುವಾಗಿನದು, ಎಲ್ಲ ಬಾಯಲ್ಲೇ. ಅಕ್ಕೋರು ವರ್ಷಗಟ್ಟಲೆ ಆಕೆಯ ಹಿಂದೆ ತಿರುಗಿ ಇನ್ನೂರರ ಮೇಲೆ ಹಾಡು ಕ್ಯಾಸೆಟ್ ಮಾಡಿಕೊಂಡಿದ್ದರು. ನಮ್ಮ ಕರಾವಳಿಯ ತೇವಕ್ಕೆ ಕ್ಯಾಸೆಟ್ಟುಗಳಿಗೆಲ್ಲ ಬೂಸ್ಟು ಹಿಡಿಯತೊಡಗಿದಾಗ ಹೆದರಿ, ಒಂದು ಕಂಪ್ಯೂಟರ್ ತರಿಸಿ, ಒಂದೊಂದೇ ಹಾಡನ್ನು ಅದಕ್ಕೆ ಇಳಿಸಿದರು. ಇಳಿಸಿ ಮುಗಿಯುವಷ್ಟರಲ್ಲಿ ಕ್ಯಾಸೆಟ್ಟುಗಳು ಬಿಸಾಡುವ ಹಾಗಾಗಿದ್ದವು.

ಆಗ ನನ್ನನ್ನು ಕರೆಸಿದರು. "ಈ ಹಾಡು ಈಗ ಇದೊಂದ್ರಲ್ಲೇ ಇರೂದು. ಇದು ಹಾಳಾದ್ರೆ ಎಂತ ಗತಿ?" ಎಂದು ಕೇಳಿದರು. ಹೊರಗೊಂದು ಡ್ರೈವ್ ತಂದು ಅದರಲ್ಲಿ ನಕಲು ಇಟ್ಟುಬಿಟ್ಟರೆ ಜೀವಮಾನ ಪೂರ್ತಿ ಚಿಂತೆಯಿಲ್ಲ ಎಂದೆ. ಆ ಮಾತು ಆಡಬಾರದಿತ್ತು.

೧. ಖಾಲಿ ಹೊಟ್ಟೆ, ತುಂಬಿದ ತೇಗು

ಆ ಕಾಲದಲ್ಲಿ ಇಂಥ ಡ್ರೈವ್ ಬೇಕೆಂದರೆ ನಮಗೆ ಹತ್ತಿರದ ವಿದೇಶ ಭಟ್ಕಳ. ಕೊಲ್ಲಿ ದೇಶದ ಸೆಂಟು, ಟಾರ್ಚು, ಕಂಬಳಿಗಳ ನಡುವೆ ಅಂಗಡಿಯವನು ಒಂದು ಕಪ್ಪು ಡಬ್ಬಿ ತೆಗೆದು ನನ್ನ ಮುಂದಿಟ್ಟ. "ದುಬೈ ಮಾಲು ಭಾಯಿ. ಎಂಬತ್ತು ಜಿಬಿ. ನಿಮ್ಮ ಇಡೀ ಹೊನ್ನಾವರ ಹಾಕಿದ್ರೂ ಇನ್ನೂ ಜಾಗ ಉಳೀತದೆ" ಎಂದ.

ಅಕ್ಕೋರ ಕಂಪ್ಯೂಟರಿಗೆ ಅದನ್ನು ಜೋಡಿಸಿ, ಎಲ್ಲ ಹಾಡನ್ನೂ ಒಂದೇ ದೊಡ್ಡ ಗಂಟು ಕಟ್ಟಿ ಇಡುವಂತೆ ಬ್ಯಾಕಪ್ ಹಚ್ಚಿಕೊಟ್ಟು ಬಂದೆ. ಮರುದಿನವೇ ಫೋನು. "ಡಿಸ್ಕ್ ತುಂಬಿದೆ ಅಂತ ಬರ್ತಾ ಅದೆ. ಬಾ."

ಹೋದೆ. ಅಕ್ಕೋರು ಕನ್ನಡಕದ ಮೇಲಿಂದ ನೋಡಿದರು.

"ಡಬ್ಬಿಯಲ್ಲಿ ಜಾಗ ಎಷ್ಟು ಅಂದಿದ್ದೆ?"

"ಎಂಬತ್ತು."

"ಒಳಗೆ ಹೋದದ್ದು?"

"ನಾಲ್ಕು."

"ಎಂಬತ್ತರಲ್ಲಿ ನಾಲ್ಕು ಹೋದರೆ?"

"ಎಪ್ಪತ್ತಾರು, ಅಕ್ಕೋರೆ."

ಉತ್ತರ ಹೇಳುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಅದು ನನಗೆ ಗೊತ್ತಾದದ್ದು ಅವರ ಯಜಮಾನರು ಪೇಪರಿನ ಹಿಂದೆ ಕಿಸಕ್ಕನೆ ನಕ್ಕಾಗ.

ಎರಡು ಸಲ ಹೋಗಿ ಬಂದು, ತಲೆ ಕೆರೆದುಕೊಂಡು, ಕೊನೆಗೆ ಕಾರಣ ಹಿಡಿದೆ. ಆ ಡ್ರೈವನ್ನು ಹಳೆಯ ಪದ್ಧತಿಯಲ್ಲಿ ಸಿದ್ಧಮಾಡಿ ಮಾರಿದ್ದರು. ಅಂಥದರಲ್ಲಿ ಒಟ್ಟು ಜಾಗ ಎಷ್ಟೇ ಇರಲಿ, ನಾಲ್ಕು ಜಿಬಿಗಿಂತ ದೊಡ್ಡ ಗಂಟು ಇಡಲು ಬರುವುದಿಲ್ಲ. ಇಡಲು ಹೋದರೆ ತುಂಬಿದೆ ಎಂದು ಸುಳ್ಳು ಹೇಳುತ್ತದೆ. ಅಕ್ಕೋರಿಗೆ ತಿಳಿಯಲಿ ಎಂದು, "ಮನೆ ದೊಡ್ಡದು, ಬಾಗಿಲು ಸಣ್ಣದು. ಕಪಾಟು ಇಡಿಯಾಗಿ ಒಳಗೆ ಹೋಗುವುದಿಲ್ಲ, ಹಾಗೆ" ಎಂದೆ.

"ಕಪಾಟು ತರೂಕಿಂತ ಮುಂಚೆ ಬಾಗಿಲು ಅಳೀಬೇಕು ಅಂತ ನಿಂಗೆ ಯಾರೂ ಕಲಿಸಲಿಲ್ವಾ?"

ಕಲಿಸಬೇಕಾದವರು ಅವರೇ. ಡ್ರೈವನ್ನು ಹೊಸ ಪದ್ಧತಿಗೆ ಬದಲಿಸಿದೆ, ಕೆಲಸ ಆಯಿತು. ಅಕ್ಕೋರು ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ಗೆರೆ ಹೊಡೆದು ಬರೆದುಕೊಂಡರು. ಬ್ಯಾಕಪ್ ನಿಂತದ್ದಕ್ಕೆ ಕಾರಣ: ತಂದವನ ಅಜಾಗರೂಕತೆ. ಸಹಿ ನನ್ನಿಂದ ಹಾಕಿಸಿದರು.

೨. ನಾನಿದ್ದರೆ ಎಲ್ಲ ಸರಿ

ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕೋರಿಗೆ ಕಂಪ್ಯೂಟರ್ ಬೇಡ. ಅದಕ್ಕೆ ಒಂದೂವರೆಗೆ ತನ್ನಷ್ಟಕ್ಕೇ ಬ್ಯಾಕಪ್ ಶುರುವಾಗುವಂತೆ ಇಟ್ಟಿದ್ದೆ. ಮಳೆಗಾಲ ಮುಗಿದು ಸೆಕೆ ಶುರುವಾದ ಮೇಲೆ ಮತ್ತೆ ಫೋನು. ದಿನಾ ಅರ್ಧಕ್ಕೆ ನಿಲ್ಲುತ್ತಿದೆಯಂತೆ.

ಹೋದೆ. ನನ್ನೆದುರು ಸರಿಯಾಗಿ ಶುರುವಾಯಿತು, ಸರಿಯಾಗಿ ಮುಗಿಯಿತು. ಬಸ್ಸು ಹತ್ತಿ ವಾಪಸು ಬಂದೆ. ಮರುದಿನ ನಿಂತಿತು. ವಯರ್ ಬದಲಿಸಿದೆ. ನಾನಿದ್ದಷ್ಟು ಹೊತ್ತು ಸರಿ, ಮರುದಿನ ನಿಂತಿತು. ಮೂರನೇ ಸಲ ಇಡೀ ವಿಂಡೋಸ್ ತೆಗೆದು ಹೊಸದಾಗಿ ಹಾಕಿದೆ. ನನ್ನೆದುರು ಹೂವಿನ ಹಾಗೆ ನಡೆಯಿತು. ಮರುದಿನ ನಿಂತಿತು. ಪ್ರತಿ ಸಲವೂ ಅಕ್ಕೋರು ಊಟ ಹಾಕುತ್ತಿದ್ದರು, ಯಜಮಾನರು ಜಗಲಿಯಲ್ಲಿ ನನ್ನ ಜೊತೆ ಕೂತು ತಾವು ಬಸ್ ಕಂಡಕ್ಟರ್ ಆಗಿದ್ದ ಕಾಲದ ಕಥೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಅವರ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಮತ್ತೆ ಬೆಚ್ಚಿ ತೆರೆಯುತ್ತಿತ್ತು. ಪಾಪ, ವಯಸ್ಸಾಯಿತು ಎಂದುಕೊಂಡೆ.

"ನೀನು ಇದ್ರೆ ಮಾತ್ರ ನಡೀತದೆ" ಎಂದರು ಅಕ್ಕೋರು. "ನಾಲ್ಕನೇ ಇಯತ್ತೇಲಿ ನೀನೂ ಹಂಗೇ ಇದ್ದೆ. ನಾನು ಎದುರಿಗಿದ್ರೆ ಮಾತ್ರ ಬರೀತಿದ್ದೆ."

ನಾಲ್ಕನೇ ಸಲ ಹೋದ ದಿನ ಅಕ್ಕೋರು ಬಂಗಡೆ ಸಾರು ಮಾಡಿದ್ದರು. ಊಟವಾಯಿತು. ಯಜಮಾನರು ಜಗಲಿಗೆ ಬಂದರು, ಕಥೆ ಶುರುಮಾಡಿದರು, ಕಥೆಯ ಬಸ್ಸು ಗೇರುಸೊಪ್ಪೆ ಘಟ್ಟದ ಅರ್ಧ ಇಳಿಯುವಷ್ಟರಲ್ಲಿ ಅವರಿಗೆ ತಡೆಯಲಾಗಲಿಲ್ಲ. "ನೀನು ಮನೆ ಹುಡ್ಗ್ ಇದ್ದಂಗೆ. ತಪ್ಪು ತಿಳ್ಕಣಬೇಡ ಮಾರಾಯ" ಎನ್ನುತ್ತ ಎದ್ದರು. ಒಳಗೆ ಹೋದರು. ಕಂಪ್ಯೂಟರ್ ಮೇಜಿನ ಹಿಂದೆ ಕೈ ಹಾಕಿದರು. ನನ್ನ ಡ್ರೈವಿನ ಪ್ಲಗ್ ಕಿತ್ತರು. ಅದೇ ತೂತಿಗೆ ಟೇಬಲ್ ಫ್ಯಾನಿನ ಪ್ಲಗ್ ತುರುಕಿದರು. ಫ್ಯಾನನ್ನು ಮುಖದ ಕಡೆ ತಿರುಗಿಸಿಕೊಂಡು ಚಾಪೆಯ ಮೇಲೆ ಉದ್ದಕ್ಕೆ ಮಲಗಿದರು. ಎರಡೇ ನಿಮಿಷಕ್ಕೆ ಗೊರಕೆ.

ಏಳುವಾಗ ಡ್ರೈವಿನ ಪ್ಲಗ್ ಮೊದಲಿನಂತೆ ಹಾಕಿ ಏಳುವಷ್ಟು ಶಿಸ್ತು ಅವರಿಗಿತ್ತು. ಮನೆಗೆ ಬಂದ ನೆಂಟ ಕೂತಿರುವಾಗ ಯಜಮಾನ ಮಲಗಬಾರದು ಎನ್ನುವ ಮರ್ಯಾದೆಯೂ ಇತ್ತು. ಇವೆರಡರ ನಡುವೆ ನಾನು ಮೂರು ಸಲ ಬಸ್ಸಿನಲ್ಲಿ ಓಡಾಡಿ, ತಪ್ಪಿಲ್ಲದ ವಿಂಡೋಸ್ ಕಿತ್ತುಹಾಕಿದ್ದೆ. ಅಕ್ಕೋರು ನೋಟ್‌ಬುಕ್ಕಿನಲ್ಲಿ ಕಾರಣ ಬರೆಯಲು ಕೂತರು. ಬಹಳ ಹೊತ್ತು ಯೋಚನೆ ಮಾಡಿ, "ನೆಂಟನಿಗೆ ತೋರಿಸಿದ ಮರ್ಯಾದೆ" ಎಂದು ಬರೆದರು.

೩. ಬಾನೆಟ್ಟಿನ ಮೇಲೆ

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೊಂದು ದಿನ ಡ್ರೈವ್ ನಿಧಾನ ಆಗಿದೆ, ಒಂದೆರಡು ಹಾಡು ತೆಗೆದುಕೊಳ್ಳುತ್ತಿಲ್ಲ ಎಂದು ಫೋನು ಬಂತು. ನನಗೆ ಜ್ವರ. ಡ್ರೈವ್ ಒಂದನ್ನೇ ಯಾರ ಕೈಯಲ್ಲಾದರೂ ಹೊನ್ನಾವರಕ್ಕೆ ಕಳಿಸಿ, ಇಲ್ಲೇ ನೋಡುತ್ತೇನೆ ಎಂದೆ. ಅಲುಗಾಡಬಾರದು, ಬಿಸಿ ತಾಗಬಾರದು, ಜೋಪಾನ ಎಂದೂ ಹೇಳಿದೆ.

ನಮ್ಮ ಊರುಗಳಲ್ಲಿ ಯಾರ ಕೈಯಲ್ಲಾದರೂ ಎಂದರೆ ಬಸ್ಸಿನಲ್ಲಿ ಎಂದೇ ಅರ್ಥ. ಮದುವೆ ಕಾಗದ, ಮಲ್ಲಿಗೆ ದಂಡೆ, ಮರೆತುಹೋದ ಕನ್ನಡಕ, ಆಸ್ಪತ್ರೆಗೆ ಗಂಜಿ, ಎಲ್ಲ ಹೋಗುವುದು ಡ್ರೈವರ್ ಕಂಡಕ್ಟರುಗಳ ಕೈಯಲ್ಲಿ. ಅದರಲ್ಲೂ ನಮ್ಮ ಯಜಮಾನರು ಮೂವತ್ತು ವರ್ಷ ಟಿಕೆಟ್ ಹರಿದವರು. ಅಘನಾಶಿನಿ ಬಸ್ಸಿನವನಿಗೆ ಕೊಟ್ಟು, ಅವನು ಕುಮಟಾದಲ್ಲಿ ಹೊನ್ನಾವರದ ಬಸ್ಸಿನವನಿಗೆ ದಾಟಿಸುವಂತೆ ಹೇಳಿ, "ಒಳಗೆ ಇನ್ನೂರು ಹಾಡು ಅದೆ, ಪ್ರಾಣದಂಗೆ ನೋಡ್ಕಳಿ" ಎಂದು ತಾಕೀತು ಮಾಡಿದ್ದರು.

ನಾನು ಕಂಬಳಿ ಹೊದ್ದುಕೊಂಡೇ ಸ್ಟ್ಯಾಂಡಿಗೆ ಹೋದೆ. ಡ್ರೈವರ್ ತನ್ನ ಬದಿಯ ಇಂಜಿನ್ ಬಾನೆಟ್ಟಿನ ಮೇಲಿಂದ ಡಬ್ಬಿಯನ್ನು ಎತ್ತಿ ಕೊಟ್ಟ. ಕೊಡುವಾಗ ಕೈ ಚುರುಕ್ ಎಂದಿತೋ ಏನೋ, ಒಂದು ಸಲ ಕೈ ಬದಲಿಸಿದ. ನಾನು ಹಿಡಿದುಕೊಂಡೆ. ಆಗಷ್ಟೇ ಒಲೆಯಿಂದ ಇಳಿಸಿದ ಬಾಣಲೆಯ ಹಾಗಿತ್ತು.

"ಇದು ಇಲ್ಲೇ ಇತ್ತಾ?" ಎಂದೆ.

"ಹಿಂದೆ ಜನ ಕಾಲಲ್ಲಿ ತುಳೀತಾರೆ. ನಾನು ಬಿಡ್ತೆನಾ? ಕುಮಟಾದಿಂದ ಇಲ್ಲಿವರೆಗೆ ನನ್ನ ಕಣ್ಣೆದುರೇ ಇಟ್ಕಂಡು ಬಂದೆ."

ಆ ಬಾನೆಟ್ಟು ಕುದಿಯುವ ನೀರಿನ ಮುಚ್ಚಳದಂತೆ ಕುಣಿಯುತ್ತಿತ್ತು. ಅದರ ಮೇಲೆ ಅವನ ಊಟದ ಡಬ್ಬಿಯೂ ಇತ್ತು. ಅಲುಗಾಟ, ಬಿಸಿ, ನಾನು ಬೇಡ ಎಂದ ಎರಡೂ ಅಲ್ಲಿ ಒಟ್ಟಿಗೆ ಸಿಕ್ಕಿದ್ದವು. ಬಸ್ಸು ಹತ್ತಿದ್ದು ಸಣ್ಣ ಕೆಮ್ಮಿನ ಡ್ರೈವ್, ಇಳಿದದ್ದು ಹೆಣ. ಏನು ಮಾಡಿದರೂ ಉಸಿರು ಬರಲಿಲ್ಲ. ಭಟ್ಕಳದ ಅಂಗಡಿಗೆ ಹೋಗಿ ಗ್ಯಾರಂಟಿ ಇಲ್ಲವಾ ಎಂದು ಕೇಳಿದೆ. "ಅದೆ ಭಾಯಿ, ಯಾಕಿಲ್ಲ. ಆದ್ರೆ ಅದು ದುಬೈಲಿ ಅದೆ" ಎಂದು ಅವನು ಇನ್ನೊಂದು ಹೊಸ ಡಬ್ಬಿ ಕೆಳಗಿಳಿಸಿದ.

ಪುಣ್ಯಕ್ಕೆ ಕಂಪ್ಯೂಟರಿನಲ್ಲಿ ಹಾಡುಗಳು ಹಾಗೇ ಇದ್ದವು. ಹೊಸ ಡ್ರೈವ್ ಹಿಡಿದು ಅಕ್ಕೋರ ಮನೆಗೆ ಹೊರಟಾಗ ಸ್ಟ್ಯಾಂಡಿನಲ್ಲಿ ಅದೇ ಡ್ರೈವರ್ ಸಿಕ್ಕಿದ. ನಡೆದದ್ದು ಹೇಳಿದೆ. ಅವನಿಗೆ ನಿಜಕ್ಕೂ ಬೇಜಾರಾಯಿತು. "ಆದರೂ ಸರ, ನನ್ನ ಊಟ ಇಪ್ಪತ್ತು ವರ್ಷದಿಂದ ಅಲ್ಲೇ ಇಡ್ತೆ. ಒಂದಿನ ಹಾಳಾಗಿಲ್ಲ" ಎಂದ.

೪. ಎಲ್ಲರೂ ಪಾಸು

ಹೊಸ ಡ್ರೈವಿಗೆ ಬಹಳ ಬುದ್ಧಿವಂತಿಕೆಯಿಂದ ಎಲ್ಲ ಹಚ್ಚಿಕೊಟ್ಟೆ. ಅಕ್ಕೋರು ಆಗಷ್ಟೇ ಹಾಡುಗಳನ್ನೆಲ್ಲ ಹೊಸದಾಗಿ ಒಟ್ಟುಮಾಡಿ ಇಟ್ಟಿದ್ದ ಫೋಲ್ಡರಿನ ಹೆಸರು 'ಒಂದನೇ ಇಯತ್ತೆ'. ದಿನಾ ಅದರ ನಕಲು ತೆಗೆಯಬೇಕು, ಹಿಂದಿನ ದಿನದ್ದನ್ನು ಅಳಿಸಬೇಕು, ಮುಗಿದ ಮೇಲೆ 'ಯಶಸ್ವಿ' ಎಂದು ತೋರಿಸಬೇಕು. ಫ್ಯಾನಿಗೆ ಬೇರೆ ಪ್ಲಗ್ ಹಾಕಿಸಿದ್ದೆ. ಬಸ್ಸು ಹತ್ತಿಸುವಂತಿಲ್ಲ ಎಂದು ಯಜಮಾನರಿಂದ ಮಾತು ತಗೊಂಡಿದ್ದೆ. ತಿಂಗಳಿಗೊಮ್ಮೆ ಫೋನು ಮಾಡಿ, "ಯಶಸ್ವಿ ಅಂತ ಬರ್ತಾ ಇದೆಯಾ ಅಕ್ಕೋರೆ?" ಎಂದು ಕೇಳುತ್ತಿದ್ದೆ. "ದಿನಾ ಬರ್ತದೆ" ಎನ್ನುತ್ತಿದ್ದರು. ನನಗೆ ಹೆಮ್ಮೆ.

ಜುಲೈ ತಿಂಗಳು. ಕಂಪ್ಯೂಟರಿನ ಒಳಗಿನ ಡಿಸ್ಕ್ ಕಟಕಟ ಎಂದು ಎರಡು ದಿನ ಹಲ್ಲು ಕಡಿದು ಸತ್ತಿತು. ಅಕ್ಕೋರು ಫೋನು ಮಾಡಿದರು. ಇಂಥ ದಿನಕ್ಕೇ ಅಲ್ಲವಾ ಬ್ಯಾಕಪ್ ಇರೂದು ಎಂದು ಧೈರ್ಯ ಹೇಳಿ, ಹೊಸ ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಶಿಳ್ಳೆ ಹೊಡೆಯುತ್ತ ಹೋದೆ.

ಡ್ರೈವ್ ತೆರೆದೆ. 'ಒಂದನೇ ಇಯತ್ತೆ' ಇತ್ತು. ಅದರೊಳಗೆ ಮೂರು ಹಾಡು.

"ಉಳಿದದ್ದು ಎಲ್ಲಿ ಅಕ್ಕೋರೆ?"

"ಅದು ಒಂದನೇ ಇಯತ್ತೇಲಿ ಯಾಕಿರ್ತದೆ?" ಎಂದರು. "ಜೂನ್‌ನಲ್ಲಿ ಎಲ್ಲಾ ಪಾಸಾಗಿ ಎರಡನೇ ಇಯತ್ತೆಗೆ ಹೋದ್ವಲ್ಲ."

ಮೂವತ್ತೈದು ವರ್ಷ ಕಲಿಸಿದ ಜೀವ. ಜೂನ್ ಬಂದರೆ ಹಳೆ ಮಕ್ಕಳನ್ನು ಮುಂದೆ ದಾಟಿಸಿ, ಹೊಸ ಹಾಜರಿ ಪುಸ್ತಕ ತೆರೆಯದೆ ಅವರಿಗೆ ನಿದ್ದೆ ಬಾರದು. ಮೊದಲನೇ ತಾರೀಕಿಗೆ ಹಳೆಯ ಫೋಲ್ಡರಿಗೆ 'ಎರಡನೇ ಇಯತ್ತೆ' ಎಂದು ಹೆಸರು ಬದಲಿಸಿ, 'ಒಂದನೇ ಇಯತ್ತೆ' ಎಂದು ಹೊಸದೊಂದು ಮಾಡಿ, ಅದಕ್ಕೆ ಆ ವರ್ಷದ ಹೊಸ ಹಾಡು ಮೂರು ಭರ್ತಿ ಮಾಡಿಕೊಂಡಿದ್ದರು. ನನ್ನ ಬ್ಯಾಕಪ್ ಹೇಳಿದಷ್ಟೇ ಮಾಡಿತ್ತು. ದಿನಾ ಒಂದನೇ ಇಯತ್ತೆಗೆ ಹೋಗಿ, ಇದ್ದ ಮೂರು ಮಕ್ಕಳ ಹಾಜರಿ ಹಾಕಿ, ಇನ್ನೂರು ಮಕ್ಕಳ ಹಳೆ ನಕಲು ಅಳಿಸಿ, ಯಶಸ್ವಿ ಎಂದು ಹೇಳಿ ಮಲಗಿತ್ತು.

ತಪ್ಪು ಅವರದಲ್ಲ. ಯಶಸ್ವಿ ಎನ್ನುವ ಮಾತನ್ನು ನಂಬಿ ಒಂದು ಸಲವೂ ಒಳಗೆ ಇಣುಕಿ ನೋಡದವನು ನಾನು. ಸತ್ತ ಡಿಸ್ಕನ್ನು ಹುಬ್ಬಳ್ಳಿಗೆ ಒಯ್ದೆ, ಆಗದು ಎಂದರು. ಡ್ರೈವಿನಲ್ಲಿ ಅಳಿಸಿದ್ದನ್ನು ಮೂರು ದಿನ ಕೆದಕಿದೆ, ತುಂಡು ತುಂಡಾಗಿ ಹನ್ನೊಂದು ಹಾಡು ಸಿಕ್ಕಿದವು. ಅಕ್ಕೋರು ಬೈಯಲಿಲ್ಲ. ನೋಟ್‌ಬುಕ್ಕೂ ತೆಗೆಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

"ಅಜ್ಜಿಗೆ ಹೇಳಬೇಕಲ್ಲ" ಎಂದರು ಕೊನೆಗೆ. "ಈ ವಯಸ್ಸಲ್ಲಿ ಮತ್ತೊಂದ್ಸಲ ಹಾಡು ಅಂತ ಯಾವ ಬಾಯಲ್ಲಿ ಕೇಳೂದು?"

ಯಜಮಾನರು, ಅಕ್ಕೋರು, ನಾನು, ಮೂವರೂ ತಪ್ಪು ಮಾಡಿದವರ ಹಾಗೆ ಸಾಲಾಗಿ ಹೋದೆವು. ಅಜ್ಜಿ ಗದ್ದೆಯ ಹಾಳೆಯ, ಅಂದರೆ ಬದುವಿನ, ಮೇಲೆ ಕೊಡೆ ಹಿಡಿದು ಕೂತಿದ್ದಳು. ಗದ್ದೆ ಹೂಟಿಯಾಗಿ ನೀರು ನಿಂತಿತ್ತು, ನೆಡಬೇಕಾದ ಭತ್ತದ ಅಗೆ ಕಿತ್ತು ಸೂಡಿ ಕಟ್ಟಿ ಇಟ್ಟಿತ್ತು. ನಡೆದದ್ದೆಲ್ಲ ಅಕ್ಕೋರು ಹೇಳಿದರು.

"ಹೋತು ಅಂದ್ರೆ? ಎಲ್ಲಾನೂವಾ?" ಎಂದಳು ಅಜ್ಜಿ.

"ಹೆಚ್ಚುಕಡಿಮೆ ಎಲ್ಲಾನೂ."

ಅಜ್ಜಿ ನನ್ನ ಕಡೆ ತಿರುಗಿದಳು. "ಡಬ್ಬಿ ತಂದವ ನೀನಾ? ಅದಕ್ಕೆ ಅಷ್ಟು ಹಾಡು ಹೇಳಿಕೊಟ್ರಲ, ಒಂದಿನಾದ್ರೂ ತಿರುಗಿ ಹೇಳು ಅಂತ ಕೇಳಿದ್ಯಾ?"

"ಇಲ್ಲ ಅಜ್ಜಿ."

"ನನ್ನ ಅವ್ವಿ ಹಾಡು ಕೊಟ್ರೆ ಅಲ್ಲೇ ತಿರುಗಿ ಹೇಳಿಸ್ತಿತ್ತು. ತಪ್ಪಿದ್ರೆ ಬೆನ್ನಿಗೊಂದು. ಕೊಟ್ಟದ್ದು ಕೂತದೋ ಇಲ್ವೋ ಕೇಳ್ದೆ ಗೊತ್ತಾಗೂದು ಹೆಂಗೆ?"

ಇಷ್ಟು ವರ್ಷದ ನನ್ನ ವಿದ್ಯೆಯಲ್ಲಿ ಇಲ್ಲದ್ದನ್ನು ಆಕೆ ಎಲೆಯಡಿಕೆ ಜಗಿಯುತ್ತ ಹೇಳಿ ಮುಗಿಸಿದಳು. ಅಕ್ಕೋರು ಹಿಂಜರಿಯುತ್ತ ಕೇಳಿದರು, "ಮತ್ತೊಂದ್ಸಲ ಹಾಡೂಕೆ ಆಗ್ತದಾ?"

ಅಜ್ಜಿ ನಮ್ಮ ಮೂವರನ್ನೂ ಅಡಿಯಿಂದ ಮುಡಿವರೆಗೆ ನೋಡಿದಳು. ಗದ್ದೆಯನ್ನೂ ನೋಡಿದಳು. "ಹಾಡ್ತೆ. ಯಾಕಾಗೂದಿಲ್ಲ. ಆದ್ರೆ ನೆಟ್ಟಿ ಹಾಡಿಗೆ ನೆಡೂ ಕೈ ಬೇಕು. ಕೈ ಆಡ್ದೆ ಹಾಡು ಮುಂದೆ ಹೋಗೂದಿಲ್ಲ. ನನ್ನ ಸೊಂಟ ಹೋಗ್ಯದೆ. ನೀವು ಇಳೀರಿ, ನಾ ಹೇಳ್ತೆ. ನೀವು ತಿರುಗಿ ಹೇಳೂದು."

ಇಳಿದೆವು. ಅಕ್ಕೋರು ಸೀರೆ ಎತ್ತಿ ಕಟ್ಟಿದರು, ನಾನು ಪ್ಯಾಂಟು ಮಡಚಿದೆ. ಯಜಮಾನರು ಟೇಪ್ ರೆಕಾರ್ಡರಿಗೆ ಕೊಡೆ ಹಿಡಿದು ನಿಂತರು. ಅಜ್ಜಿ ಒಂದು ಸಾಲು ಎತ್ತುವಳು. ನಾವು ಸೊಂಟ ಬಗ್ಗಿಸಿ, ಅಗೆ ಊರಿ, ಒಂದು ಹೆಜ್ಜೆ ಹಿಂದೆ ಇಟ್ಟು, ಅದೇ ಸಾಲು ತಿರುಗಿ ಹೇಳಬೇಕು. ನಾನು ತಪ್ಪಿದರೆ ಆ ಸಾಲು ಮೊದಲಿಂದ, ಅಗೆಯೂ ಮೊದಲಿಂದ. ಅಕ್ಕೋರು ಎರಡನೇ ಹಾಡಿನಲ್ಲಿ ಒಂದು ಕಡೆ ತಡವರಿಸಿದಾಗ ಅಜ್ಜಿ, "ಮಕ್ಕಳಿಗೆ ಹಿಂಗೇ ಕಲಿಸಿದ್ಯಾ?" ಎಂದು ಕೇಳಿದಳು. ಅಕ್ಕೋರು ತಲೆ ತಗ್ಗಿಸಿದರು. ನನಗೆ ಒಳಗೊಳಗೇ ಬಹಳ ಸಂತೋಷವಾಯಿತು.

ಐದು ದಿನ ನಡೆಯಿತು. ನೆಟ್ಟಿ ಹಾಡು ಮುಗಿದರೂ ಗದ್ದೆ ಮುಗಿಯಲಿಲ್ಲ, ಮದುವೆ ಹಾಡೂ ಅಲ್ಲೇ ಶುರುವಾದವು. ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಆದರೆ ಹಾಡುಗಳು ಬಂದವು, ಒಂದರ ಹಿಂದೆ ಒಂದು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ. ಸಂಜೆ ಅವನ್ನು ಕಂಪ್ಯೂಟರಿಗೆ ಇಳಿಸಿ, ಡ್ರೈವಿಗೆ ಹಾಕಿ, ಡ್ರೈವಿನಿಂದಲೇ ಮತ್ತೆ ತೆಗೆದು ಕೇಳುತ್ತಿದ್ದೆ. ಕೇಳುವಾಗ ಅಕ್ಕೋರ ಕಣ್ಣಲ್ಲಿ ನೀರು ಬರುತ್ತಿತ್ತು, ನನಗೂ.

ಐದನೇ ದಿನ ಹಾಳೆಯ ಮೇಲೆ ಕೂತು ಕಾಲಿನ ಕೆಸರು ತೊಳೆಯುವಾಗ ಅಕ್ಕೋರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

"ಅಲ್ಲ ಅಜ್ಜಿ, ಮೊದಲ್ನೇ ಸಲ ನೀನು ಈ ಹಾಡೆಲ್ಲ ಹೇಳಿದ್ದು ನಮ್ಮನೆ ಜಗಲಿ ಮೇಲೆ, ಕುರ್ಚೀಲಿ ಕೂತು, ಚಾ ಕುಡೀತಾ ಅಲ್ವಾ?"

"ಹೌದು" ಎಂದಳು ಅಜ್ಜಿ. "ಎಂತ ಆತು? ಒಂದೂ ನಿಲ್ಲಲಿಲ್ಲ. ಈ ಸಲ ನೋಡಿ, ಬೇರು ಹಿಡೀತದೆ. ನಾಳೆ ಸ್ವಲ್ಪ ಬೇಗ ಬನ್ನಿ, ಹಳ್ಳದ ಬದಿ ಗದ್ದೆ ಹಂಗೇ ಉಳ್ದದೆ."